ಮುದ್ರೆ ಬೀಳದ ಪಾಸ್‌ಪೋರ್ಟು

ಬೇರೆಯವರ ಕಾಗದ ಓದಬಾರದು ಎಂದು ಶಾಲೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳಿಕೊಂಡೇ ನಿವೃತ್ತಳಾದವಳು ನಾನು. ಆದರೆ ಬೇರೆಯವರ ಪಾಸ್‌ಪೋರ್ಟ್ ಕೈಗೆ ಸಿಕ್ಕರೆ ಮಾತ್ರ ಸುಮ್ಮನಿರಲಾರೆ. ಫೋಟೊ ಇರುವ ಪುಟ ನನಗೆ ಬೇಡ. ಅಲ್ಲಿ ಎಲ್ಲರೂ ಈಗಷ್ಟೇ ಹಲ್ಲು ಕೀಳಿಸಿಕೊಂಡು ಬಂದವರ ಹಾಗೆ ಕಾಣುತ್ತಾರೆ. ನನ್ನ ಕಣ್ಣಿರುವುದು ಹಿಂದಿನ ಪುಟಗಳ ಮೇಲೆ. ದುಂಡನೆಯವು, ಚೌಕದವು, ನೇರಳೆ ಬಣ್ಣದವು, ಅರ್ಧ ಮಾತ್ರ ಮೂಡಿದವು, ಹೀಗೆ ದೇಶದೇಶಗಳ ಮುದ್ರೆಗಳು. ನೋಡುತ್ತಾ ಹೋದಂತೆ ಹೊಟ್ಟೆಯೊಳಗೆ ಒಂದು ಒಲೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ಮರ್ಯಾದೆಯ ಹೆಸರು ಕೊಡುವುದು ಬೇಡ. ಇದು ಹೊಟ್ಟೆಕಿಚ್ಚು.

ನನಗೂ ಪಾಸ್‌ಪೋರ್ಟ್ ಇದೆ. ಸರಿಯಾಗಿ ಹೇಳಬೇಕೆಂದರೆ, ಇದು ಎರಡನೆಯದು. ಮೊದಲನೆಯದು ಒಂದೂ ಮುದ್ರೆ ಕಾಣದೆ ಬೀರುವಿನಲ್ಲೇ ಆಯುಷ್ಯ ಮುಗಿಸಿತು. ಎರಡನೆಯದಕ್ಕೂ ಈಗ ವಯಸ್ಸಾಗುತ್ತಾ ಬಂದಿದೆ. ನಾನು ಪಾಠ ಮಾಡಿದ್ದು ಭೂಗೋಳ. ಯಾವ ದೇಶದ ಗಡಿಯನ್ನಾದರೂ ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಎಳೆಯಬಲ್ಲೆ. ಕಾಲಿನಿಂದ ದಾಟಿದ್ದು ಮಾತ್ರ ಹೊಸೂರಿನ ಗಡಿ. ಜಯನಗರದಲ್ಲಿರುವ ನನ್ನ ಓರಗಿತ್ತಿಯ ಪಾಸ್‌ಪೋರ್ಟ್ ಅವಳ ಹಾಗೆಯೇ ಮೈತುಂಬಿಕೊಂಡಿದೆ. ಗೌರಿ ಹಬ್ಬಕ್ಕೆ ಬಂದವಳು ಕುಂಕುಮ ಇಟ್ಟುಕೊಳ್ಳುವ ಮೊದಲೇ “ನಾವು ಸಿಂಗಪುರದಲ್ಲಿದ್ದಾಗ” ಎಂದು ಶುರುಮಾಡುತ್ತಾಳೆ. ನಾನು ಅವಳ ಬಾಗಿನದಲ್ಲಿ ಒಂದು ಬಾಳೆಹಣ್ಣು ಕಡಿಮೆ ಇಟ್ಟು ಸಮಾಧಾನ ಮಾಡಿಕೊಳ್ಳುತ್ತೇನೆ.

ಹೊರಗಿನ ಹೊಟ್ಟೆಕಿಚ್ಚು ಸಾಲದೆಂದು ಎರಡು ವರ್ಷದ ಹಿಂದೆ ಅದನ್ನು ಮನೆಗೇ ಕರೆದುಕೊಂಡೆ. ಬನಶಂಕರಿಯ ನಮ್ಮ ಮನೆಯ ಮಹಡಿಯನ್ನು ಫಾರ್ಮಸಿ ಓದುವ ಇಬ್ಬರು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟೆವು. ಒಬ್ಬಳು ನೇಪಾಳದ ಸುನೀತಾ, ಇನ್ನೊಬ್ಬಳು ಇಥಿಯೋಪಿಯಾದ ಸೆಲಾಮ್. ವರ್ಷ ಕಳೆಯುವಷ್ಟರಲ್ಲಿ ಇಬ್ಬರೂ ನಮ್ಮ ಬೀದಿಯ ಕನ್ನಡ ಕಲಿತುಬಿಟ್ಟರು. ಸುನೀತಾ ನೇಪಾಳದವಳಾದ್ದರಿಂದ ಅವಳಿಗೆ ನಮ್ಮ ದೇಶದಲ್ಲಿರಲು ವೀಸಾ ಬೇಡ. ಸೆಲಾಮ್‌ಳಂಥವರಿಗೆ ಮನೆ ಕೊಟ್ಟರೆ ಮಾತ್ರ ಮಾಲೀಕರು ಅವರ ಪಾಸ್‌ಪೋರ್ಟ್, ವೀಸಾದ ವಿವರಗಳನ್ನೆಲ್ಲ ಸರ್ಕಾರಕ್ಕೆ ಕಂಪ್ಯೂಟರಿನಲ್ಲಿ ಕಳಿಸಬೇಕು. ನಮ್ಮ ಯಜಮಾನರು ಅಕ್ಷರ ಹುಡುಕಿ ಹುಡುಕಿ ಒತ್ತುವಷ್ಟು ಹೊತ್ತು ಆ ಪಾಸ್‌ಪೋರ್ಟ್ ನನ್ನ ಕೈಯಲ್ಲಿತ್ತು. ಇಪ್ಪತ್ತು ತುಂಬಿದ ಹುಡುಗಿ! ಆಗಲೇ ದುಬೈ, ಕೀನ್ಯಾ, ಭಾರತ! ಅವತ್ತು ಅವಳಿಗೆಂದು ಮಾಡಿದ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತೆ.

ಮನುಷ್ಯನಿಗೆ ಈ ಮುದ್ರೆಯ ಹುಚ್ಚು ಹೊಸದೇನಲ್ಲ. ನಮ್ಮತ್ತೆಯ ಕಾಲದಲ್ಲಿ ಕಾಶಿಗೆ ಹೋಗಿ ಬಂದವರು ಕೈಗೆ ಕಾಶಿದಾರ ಕಟ್ಟಿಕೊಂಡು, ಗಂಗಾಜಲ ತುಂಬಿ ಬಾಯಿ ಬೆಸೆದ ಪುಟ್ಟ ತಾಲಿಗಳನ್ನು ದೇವರ ಮುಂದೆ ಸಾಲಾಗಿ ಇಡುತ್ತಿದ್ದರು. ಹೋದದ್ದು ಪುಣ್ಯಕ್ಕೇ ಇರಬಹುದು, ಆದರೆ ಹೋಗಿಬಂದದ್ದು ನೆರೆಹೊರೆಗೆ ಗೊತ್ತಾಗದಿದ್ದರೆ ಆ ಪುಣ್ಯ ಯಾಕೋ ಸಪ್ಪೆ. ದಾರ ಕಪ್ಪಾಗಿ ತಾನಾಗಿ ಹರಿದು ಬೀಳುವವರೆಗೆ ಬಿಚ್ಚುತ್ತಿರಲಿಲ್ಲ. ಪಾಸ್‌ಪೋರ್ಟಿನ ಮುದ್ರೆಯೂ ಅಂಥದ್ದೇ ಒಂದು ದಾರ. ನನ್ನ ಮೈಮೇಲೆ ಸರ್ಕಾರ ಒತ್ತಿದ ಮುದ್ರೆ ಎಂದರೆ ಚಿಕ್ಕಂದಿನಲ್ಲಿ ತೋಳಿಗೆ ಹಾಕಿದ ಸಿಡುಬಿನ ಚುಚ್ಚುಮದ್ದಿನ ಗುರುತೊಂದೇ. ಅದನ್ನು ಯಾವ ಓರಗಿತ್ತಿಗೆ ತೋರಿಸಲಿ?

ಹೀಗಿರುವಾಗ ಸುನೀತಾಳ ಅಕ್ಕನ ಮದುವೆ ಗೊತ್ತಾಯಿತು. ಊರು ಭೈರಹವಾ, ಗಡಿ ದಾಟಿದರೆ ಸಿಗುವ ನೇಪಾಳದ ಪಟ್ಟಣ. “ಅಂಕಲ್, ಆಂಟಿ, ನೀವಿಬ್ರೂ ಬರ್ಲೇಬೇಕು” ಎಂದಳು. ಕರೆಯುವುದನ್ನೇ ಕಾಯುತ್ತಿದ್ದವಳ ಹಾಗೆ ನಾನು “ವೀಸಾಕ್ಕೆ ಏನೇನು ಬೇಕಮ್ಮಾ?” ಎಂದೆ.

“ನಿಮ್ಗೆ ವೀಸಾನೇ ಬೇಡ ಆಂಟಿ. ವೋಟರ್ ಕಾರ್ಡ್ ಇದ್ರೆ ಸಾಕು.”

ಪಡಿತರ ಅಂಗಡಿಗೆ ಹೋಗುವ ಹಾಗೆ ಪರದೇಶಕ್ಕೆ ಹೋಗುವುದೇ! ಅವಮಾನವಾಯಿತು. ಅತ್ತ ಅದೇ ಮದುವೆಗೆ ಹೊರಟ ಸೆಲಾಮ್‌ಳ ವೈಭವ ನೋಡಿ. ಅವಳ ದೇಶದವರಿಗೆ ಗಡಿಯಲ್ಲಿ ಹೋಗಿ ನಿಂತರೆ ವೀಸಾ ಕೊಡುವುದಿಲ್ಲವಂತೆ, ಮೊದಲೇ ರಾಯಭಾರ ಕಚೇರಿಯಿಂದ ಪಡೆಯಬೇಕಂತೆ. ಕಾಲೇಜಿನಿಂದ ಪತ್ರ, ಸುನೀತಾಳ ಅಪ್ಪನಿಂದ ಆಹ್ವಾನ, ಬಿಳಿ ಹಿನ್ನೆಲೆಯ ಫೋಟೊ. ಅದರ ಮೇಲೆ, ಒಮ್ಮೆ ಭಾರತದಿಂದ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರಲು ಅವಳ ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಇದೆಯೇ ಎಂದು ಕಾಲೇಜಿನ ಆಫೀಸಿಗೆ ಓಡಾಟ. ಎಲ್ಲ ಮುಗಿದು ಅವಳ ಪಾಸ್‌ಪೋರ್ಟಿನ ಒಂದು ಇಡೀ ಪುಟದಲ್ಲಿ ನೇಪಾಳದ ವೀಸಾ ಬಂದು ಕೂತಾಗ ಮಹಡಿಯಿಂದ ಕುಣಿಯುತ್ತಾ ಇಳಿದು ಬಂದು ತೋರಿಸಿದಳು. ನಾನು “ಚೆನ್ನಾಗಿದೆ” ಎಂದೆ. ಹುಳಿ ಮಜ್ಜಿಗೆ ಕುಡಿದವಳ ಹಾಗಿತ್ತು ನನ್ನ ಮುಖ ಎಂದು ಯಜಮಾನರು ಆಮೇಲೆ ಹೇಳಿದರು.

ನಾನು ಹಟ ಬಿಡಲಿಲ್ಲ. ವೋಟರ್ ಕಾರ್ಡನ್ನು ಮನೆಯಲ್ಲೇ ಬಿಟ್ಟು ಪಾಸ್‌ಪೋರ್ಟನ್ನು ರೇಷ್ಮೆ ಸೀರೆಯ ಮಡಿಕೆಯೊಳಗಿಟ್ಟು ಹೊರಟೆ. ಸುನೀತಾ ಮುಂಚೆಯೇ ಊರಿಗೆ ಹೋಗಿದ್ದಳು. ನಾವು ಮೂವರು ಗೋರಖಪುರದವರೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ಗಡಿ ಮುಟ್ಟಿದೆವು. ಗಡಿಯೆಂದರೆ ನಾನು ಬೋರ್ಡಿನ ಮೇಲೆ ಎಳೆಯುತ್ತಿದ್ದ ಗೆರೆಯಂತೆ ಏನಾದರೂ ಇರುತ್ತದೆ ಎಂದುಕೊಂಡಿದ್ದೆ. ನೋಡಿದರೆ ಒಂದು ಕಮಾನು, ಅದರ ಕೆಳಗೆ ಸಂತೆಯ ಹಾಗೆ ಜನ. ಸೈಕಲ್ಲಿಗೆ ಕೋಸು ಕಟ್ಟಿಕೊಂಡವರು, ಮೇಕೆ ಹಿಡಿದ ಹೆಂಗಸು, ಎಲ್ಲರೂ ಪಕ್ಕದ ಬೀದಿಗೆ ಹೋಗುವವರಂತೆ ಪರದೇಶಕ್ಕೆ ಹೋಗುತ್ತಿದ್ದರು. ಸೆಲಾಮ್ ಒಬ್ಬಳೇ ಎರಡು ಕಡೆಯ ಕಚೇರಿಗಳಿಗೂ ಹೋಗಬೇಕಿತ್ತು. ಮೊದಲು ನಮ್ಮವರ ಕಚೇರಿಗೆ ಅವಳ ಹಿಂದೆಯೇ ನಾನೂ ನುಗ್ಗಿ, ನನ್ನ ಶಾಲೆಯ ಹಿಂದಿಯಲ್ಲಿ, ನನಗೂ ಒಂದು ಮುದ್ರೆ ಒತ್ತಿ ಎಂದು ಕೇಳಿದೆ. ಅಧಿಕಾರಿ ನಕ್ಕುಬಿಟ್ಟ. “ಮಾತಾಜೀ, ಆಪ್ ಜಾಯಿಯೇ. ಘರ್ ಕೀ ಬಾತ್ ಹೈ” ಎಂದ. ಮನೆಯ ಮಾತಂತೆ! ಇಷ್ಟು ದೂರ ಬಂದದ್ದು ಮನೆಯೊಳಗೇ ಓಡಾಡುವುದಕ್ಕಾ?

ಸಾಮಾನು ಕಾಯುತ್ತಾ ಹೊರಗೆ ನಿಂತೆ. ಒಳಗಿಂದ ಠಕ್ ಎಂದು ಕೇಳಿಸಿದಾಗಲೆಲ್ಲ ಎದೆಗೆ ಯಾರೋ ಮೊಟಕಿದ ಹಾಗಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ಸೆಲಾಮ್ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು, ಆ ಮೇಕೆಯ ಹೆಂಗಸು ಹೋದ ದಾರಿಯನ್ನೇ ನೋಡುತ್ತಾ ನಿಂತಳು.

“ಆಂಟಿ, ಮೇಕೆನೂ ಹೋಯ್ತು. ಯಾರೂ ಏನೂ ಕೇಳ್ಲೇ ಇಲ್ಲ. ಸಖತ್ ಜೆಲಸ್ ಆಗ್ತಿದೆ ನಂಗೆ.”

ಮೇಕೆಯ ಮೇಲೂ ಒಬ್ಬರಿಗೆ ಹೊಟ್ಟೆಕಿಚ್ಚು ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಚೀಲದಿಂದ ಕೋಡುಬಳೆ ತೆಗೆದು ಕೊಟ್ಟೆ.

ಮದುವೆ ಚೆನ್ನಾಗಿ ನಡೆಯಿತು. ನನ್ನ ಮಟ್ಟಿಗೆ ಪರದೇಶವೆಂದರೆ ಕೈಗಡಿಯಾರವನ್ನು ಅಲ್ಲಿನ ಸಮಯಕ್ಕೆ ಕಾಲು ಗಂಟೆ ಮುಂದೆ ತಿರುಗಿಸಿಕೊಂಡದ್ದಷ್ಟೇ. ವಾಪಸು ಬರುವಾಗ ಅದೇ ಕಚೇರಿ, ಆದರೆ ಕುರ್ಚಿಯಲ್ಲಿ ಬೇರೊಬ್ಬ ಅಧಿಕಾರಿ. ಇವನು ನಗುವ ಪೈಕಿಯಲ್ಲ. ಸೆಲಾಮ್‌ಳ ಪಾಸ್‌ಪೋರ್ಟ್ ಹಿಡಿದು ಪುಟ ಹಿಂದೆ ಮುಂದೆ ಮಾಡಿದ, ಫೋನ್ ಮಾಡಿದ, ಮತ್ತೆ ಪುಟ ತಿರುವಿದ. ನಮ್ಮ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವಳ ಪರೀಕ್ಷೆ ಹತ್ತಿರದಲ್ಲಿತ್ತು. ಗಾಜಿನಾಚೆ ಅವಳ ಬೆರಳುಗಳು ದುಪಟ್ಟಾದ ತುದಿಯನ್ನು ಹೊಸೆಯುತ್ತಲೇ ಇದ್ದವು. ಆ ಹೊತ್ತಿನಲ್ಲಿ ನನಗೆ ಮುದ್ರೆಯ ಆಸೆ ಹಾಳಾಗಲಿ, ಹುಡುಗಿ ಒಳಗೆ ಬಂದರೆ ಸಾಕು ಎನ್ನಿಸಿತು. ಬೆಂಗಳೂರಿನಲ್ಲಿ ಎಲ್ಲಿರುತ್ತೀಯ ಎಂದು ಅವನು ಕೇಳಿದ್ದಕ್ಕೆ ಅವಳು ತಿರುಗಿ ನನ್ನ ಕಡೆ ಕೈ ತೋರಿಸಿದಳು. ನಾನು ಒಳಗೆ ಹೋದೆ. ಇವಳು ನಿಮಗೇನಾಗಬೇಕು ಎಂದ. ಹಿಂದಿ ನಾಲಿಗೆಗೆ ಬರಲಿಲ್ಲ. “ನಮ್ಮನೆ ಹುಡುಗಿ ಸಾರ್” ಎಂದೆ, ಅಪ್ಪಟ ಕನ್ನಡದಲ್ಲಿ. ಅವನಿಗೆ ಏನು ಅರ್ಥವಾಯಿತೋ, ಫೋನಿನಲ್ಲಿ ಏನು ಹೇಳಿದ್ದರೋ, ಮುದ್ರೆ ಎತ್ತಿ ಠಕ್ ಎಂದು ಒತ್ತಿದ.

ಮನೆಗೆ ಬಂದ ಮೇಲೆ, ಅವಳು ಮತ್ತೆ ದೇಶದೊಳಗೆ ಬಂದದ್ದನ್ನು ತಿಳಿಸಲು ಯಜಮಾನರು ಕಂಪ್ಯೂಟರಿನ ಮುಂದೆ ಕೂತರು. ಪಾಸ್‌ಪೋರ್ಟ್ ಪುನಃ ನನ್ನ ಕೈಗೆ ಬಂತು. ಹೊಸ ಮುದ್ರೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ತುಂಬ ನೋಡುತ್ತಿದ್ದೆ. ಕಿಚ್ಚು ಪೂರ್ತಿ ಆರಿತ್ತೆಂದು ಸುಳ್ಳು ಹೇಳಲಾರೆ. ಅಷ್ಟರಲ್ಲಿ ಸೆಲಾಮ್ ಮಹಡಿಯ ಮೆಟ್ಟಿಲ ಮೇಲಿಂದ ಬಗ್ಗಿ ಕೇಳಿದಳು:

“ಆಂಟಿ, ನೋಡಿದ್ದಾಯ್ತಾ? ಬೇಗ ಕೊಡಿ. ಅದು ದಿಂಬಿನ್ ಕೆಳ್ಗಿಲ್ದೆ ನಂಗೆ ನಿದ್ದೆ ಬರಲ್ಲ.”

ಕೊಟ್ಟುಬಿಟ್ಟೆ. ನನ್ನದು ಬೀರುವಿನಲ್ಲಿ ಯಾವ ಸೀರೆಯ ಮಡಿಕೆಯಲ್ಲಿ ಉಳಿಯಿತೋ ನೆನಪಿಲ್ಲ. ಹುಡುಕಬೇಕು. ಅದು ಎಲ್ಲಿದೆಯೆಂದು ಗೊತ್ತಿಲ್ಲದೆಯೂ ನಾನಂತೂ ದಿನವೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.