ಚಾಕಿ ಸೆಂಟರಿನ ಹಿಮಕರಡಿ

ದಿನಚರಿಯ ಆ ಬುಧವಾರದ ಪುಟದಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಅಭ್ಯಾಸ ಪಾಠ ಇಪ್ಪತ್ತನೆಯದು, ಕೊನೆಯದು. ಏಳನೇ ತರಗತಿ. ಮಕ್ಕಳು ಮೂವತ್ತೊಂದು. ಫ್ಯಾನು ಎರಡು, ತಿರುಗುವುದು ಒಂದು. ಚಿಂತಾಮಣಿಯಿಂದ ಶಿಡ್ಲಘಟ್ಟದವರೆಗೆ ಬಸ್ಸಿನಲ್ಲಿ ನಿಂತೇ ಬಂದದ್ದು, ಈ ತಿಂಗಳಲ್ಲಿ ಹನ್ನೊಂದನೇ ಸಲ.

ಆಗ ಬಿ.ಎಡ್. ಓದುತ್ತಿದ್ದೆ. ಇಪ್ಪತ್ತು ಪಾಠಗಳಿಗೂ ನಮ್ಮ ಉಪನ್ಯಾಸಕರ ಸಹಿ ಬೀಳಬೇಕು. ಹತ್ತೊಂಬತ್ತು ಬಿದ್ದಿದ್ದವು. ಇದೊಂದು ತಪ್ಪಿದರೆ ಬೇಸಿಗೆ ರಜೆ ಕಳೆದು ಶಾಲೆ ಮತ್ತೆ ತೆರೆಯುವವರೆಗೆ ಕಾಯಬೇಕು. ಅಷ್ಟರಲ್ಲಿ ಜೊತೆಯವರೆಲ್ಲ ಕೆಲಸಕ್ಕೆ ಸೇರಿರುತ್ತಾರೆ. ವಿಷಯಗಳನ್ನು ಚೀಟಿ ಎತ್ತಿ ಹಂಚಿದ್ದರು. ನನ್ನ ಚೀಟಿಯಲ್ಲಿದ್ದದ್ದು: ಬಿಸಿಯಾಗುತ್ತಿರುವ ಭೂಮಿಯಲ್ಲಿ ಹಿಮಕರಡಿಯನ್ನು ಉಳಿಸಲು ಮೃಗಾಲಯಗಳು ಹೇಗೆ ನೆರವಾಗುತ್ತವೆ. ಪಕ್ಕದವಳಿಗೆ ಬೀಜ ಮೊಳಕೆಯೊಡೆಯುವ ಪಾಠ ಬಂದಿತ್ತು. ಬದಲಾಯಿಸಿಕೊಳ್ಳೋಣ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ನಕ್ಕಳು.

ಹಿಂದಿನ ಸಂಜೆ ಅಜ್ಜಿಯ ಮುಂದೆ ಪಾಠ ಒಪ್ಪಿಸಿ ನೋಡಿದೆ. ಅಜ್ಜಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು.

"ಅಷ್ಟು ಸೆಕೆಯಾದ್ರೆ ಅದಕ್ಕೆ ಕೂದಲು ತೆಗ್ಸಬಾರ್ದೇನೇ?"

"ಸೆಕೆ ಅಲ್ಲ ಅಜ್ಜಿ. ಅದು ಸಮುದ್ರದ ಮಂಜುಗಡ್ಡೆ ಮೇಲೆ ನಿಂತ್ಕೊಂಡು ಸೀಲ್ ಅನ್ನೋ ಪ್ರಾಣಿ ಹಿಡಿಯುತ್ತೆ. ಗಡ್ಡೆ ಬೇಗ ಕರಗಿದ್ರೆ ಊಟ ಇಲ್ಲ."

"ಅಂಗಂದ್ರೆ ಇದು ಹೊಟ್ಟೆ ವಿಷ್ಯ ಅನ್ನು. ಮೊದ್ಲೇ ಹೇಳ್ಬಾರ್ದಾ?"

ಅಜ್ಜಿ ಕೇಳಿದ ಪ್ರಶ್ನೆಗಳು ಆರು. ಅವುಗಳಲ್ಲಿ ನನ್ನ ಪಾಠ ಯೋಜನೆಯಲ್ಲಿ ಇದ್ದವು ಸೊನ್ನೆ. ರಾತ್ರಿ ಊಟಕ್ಕೆ ಮುಂಚೆ ಮೊದಲ ಪುಟ ಹರಿದು, ಹೊಟ್ಟೆಯಿಂದಲೇ ಪಾಠ ಶುರುಮಾಡುವುದೆಂದು ಬರೆದುಕೊಂಡೆ.

ಬುಧವಾರ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ, ತಿರುಗುವ ಫ್ಯಾನಿನ ಕೆಳಗೇ ಕೂತರು. ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆಯಿತು. ಮಂಜುಗಡ್ಡೆ, ಸೀಲ್, ಹಸಿವು. ಚಳಿ ದೇಶದ ಮೃಗಾಲಯಗಳಲ್ಲಿ ಹಿಮಕರಡಿಗಳನ್ನು ಸಾಕುತ್ತಾರೆ ಎಂದೆ. ಅವುಗಳಿಗೆ ತಣ್ಣನೆಯ ಕೊಳ, ಅಳೆದ ಊಟ, ದಿನಾ ತಪಾಸಣೆ ಎಂದೆ.

ಎರಡನೇ ಬೆಂಚಿನಲ್ಲಿದ್ದ ಎರಡು ಜಡೆಯ ಹುಡುಗಿ ಎದ್ದು ನಿಂತಳು. ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. "ಮಿಸ್, ಅಂಗಂದ್ರೆ ಚಾಕಿ ಸೆಂಟರ್ ಥರಾನಾ?"

ಚಾಕಿ ಸೆಂಟರೆಂದರೆ ಮೊಟ್ಟೆಯೊಡೆದ ಮರಿಹುಳುಗಳನ್ನು ಶಾಖ, ತೇವ ನೋಡಿಕೊಂಡು ಸಾಕಿ, ಸ್ವಲ್ಪ ಬಲಿತ ಮೇಲೆ ರೈತರಿಗೆ ಕೊಡುವ ಜಾಗ. ಇಡೀ ತರಗತಿಯ ಮುಖ ಅರಳಿತು. ನನ್ನದು ಎಲ್ಲರಿಗಿಂತ ಹೆಚ್ಚು ಅರಳಿತು. "ಎಷ್ಟ್ ಚೆನ್ನಾಗ್ ಹೇಳ್ದೆ ಕಣೇ!" ಎಂದು ಬೋರ್ಡಿನ ಮೇಲೆ ದೊಡ್ಡದಾಗಿ 'ಮೃಗಾಲಯ = ಚಾಕಿ ಸೆಂಟರ್' ಎಂದು ಬರೆದೆ. ಹಿಂದಿನ ಬೆಂಚಿನಲ್ಲಿ ಪೆನ್ನು ಓಡುವ ಸದ್ದು ಕೇಳಿಸಿತು.

ಆಮೇಲೆ ಕೈಗಳು ಎದ್ದವು.

"ಮಿಸ್, ಕರಡಿ ಮರೀನ ಎಷ್ಟು ದಿನಕ್ಕೆ ಹೊರಗೆ ಕೊಡ್ತಾರೆ?"

"ಟ್ರೇನಲ್ಲಿ ಇಡ್ತಾರಾ ಮಿಸ್?"

"ತಗೊಂಡೋಗೋಕೆ ಯಾರು ಬರ್ತಾರೆ? ಆಟೋ ಸಾಲಲ್ಲ ಅಲ್ವಾ?"

ಆಗ ನನಗೆ ನೆನಪಾಯಿತು. ಮೃಗಾಲಯದಲ್ಲಿ ಬೆಳೆದ ಹಿಮಕರಡಿಯನ್ನು ಹೊರಗೆ ಬಿಡುವುದೇ ಇಲ್ಲ. ಅದಕ್ಕೆ ಬೇಟೆ ಗೊತ್ತಿಲ್ಲ. ಬಿಡೋಣವೆಂದರೆ ಗಡ್ಡೆಯೇ ಕಮ್ಮಿಯಾಗುತ್ತಿದೆ. ಹಿಂದಿನ ರಾತ್ರಿ ನಾನೇ ಅದನ್ನು ಓದಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಬೋರ್ಡಿನ ಮೇಲಿದ್ದದ್ದು ಅದರ ತದ್ವಿರುದ್ಧ. ಹೇಳದೆ ಬಿಟ್ಟರೆ ಮೂವತ್ತೊಂದು ಮಕ್ಕಳು ಅದನ್ನೇ ಬರೆದುಕೊಂಡು ಹೋಗುತ್ತಾರೆ. ಹೇಳಿದರೆ ಸಹಿ ಹೋಗುತ್ತದೆ. ಹತ್ತೊಂಬತ್ತು ಪಾಠಗಳಲ್ಲಿ ನಾನು ಮಕ್ಕಳ ಮುಂದೆ ತಪ್ಪೊಪ್ಪಿಕೊಂಡದ್ದು ಸೊನ್ನೆ ಸಲ.

"ನಾನು ಬರ್ದಿದ್ದು ತಪ್ಪು" ಎಂದು ಒರೆಸಿದೆ. "ಅವನ್ನ ಹೊರಗೆ ಬಿಡಲ್ಲ."

ಮಕ್ಕಳಿಗೆ ಹಬ್ಬ. ಎರಡು ಜಡೆಯ ಹುಡುಗಿಗೆ ಮಾತ್ರ ಅವಮಾನವಾಯಿತು. "ಬಿಡಲ್ಲ ಅಂದ್ರೆ ಯಾತಕ್ಕೆ ಸಾಕೋದು? ಸುಮ್ನೆ ನೋಡೋಕಾ?"

ನನ್ನ ಯೋಜನೆಯಲ್ಲಿದ್ದ ಯಾವ ಪ್ರಶ್ನೆಯೂ ಇಷ್ಟು ಚೆನ್ನಾಗಿರಲಿಲ್ಲ. ಹಿಮದಲ್ಲಿರುವ ಕರಡಿಯನ್ನು ಪರೀಕ್ಷಿಸಬೇಕಾದರೆ ಹೆಲಿಕಾಪ್ಟರಿನಲ್ಲಿ ಹೋಗಿ ಮಂಪರು ಸೂಜಿ ಹೊಡೆಯಬೇಕು ಎಂದೆ. ಮೃಗಾಲಯದ್ದನ್ನು ಹತ್ತಿರದಿಂದ ನೋಡಿ ಹೊರಗಿನವುಗಳ ವಿಷಯ ತಿಳಿಯುತ್ತಾರೆ ಎಂದೆ.

ಅವಳ ಕಣ್ಣು ಮತ್ತೆ ಹೊಳೆಯಿತು. "ಗೊತ್ತಾಯ್ತು! ಮೊಟ್ಟೆ ಕೇಂದ್ರದಲ್ಲಿ ರೋಗ ಐತಾ ಅಂತ ತಾಯಿ ಚಿಟ್ಟೆ ಅರೆದು ಮೈಕ್ರೋಸ್ಕೋಪಲ್ಲಿ ನೋಡ್ತಾರಲ್ಲ, ಅಂಗೆ!"

"ಅಯ್ಯಯ್ಯೋ, ಕರಡೀನ ಅರೀತಾರಾ!" ಎಂದು ಕಿಟಕಿ ಕಡೆಯ ಸಾಲು ಕೂಗಿತು. ಒಬ್ಬ ಅದಕ್ಕೆ ಬೇಕಾಗುವ ಒರಳಿನ ಅಳತೆಯನ್ನು ಎರಡೂ ಕೈ ಅಗಲಿಸಿ ತೋರಿಸಿದ.

ಈ ಸಲ ನಾನು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಅವಳನ್ನು ಹೊರಗೆ ನಿಲ್ಲಿಸಿ ಕಿಟಕಿಯ ಸರಳಿನ ನಡುವೆ ಕೈ ಚಾಚಲು ಹೇಳಿದೆ. "ಇವಳು ಕರಡಿ. ದಿನಾ ಅಭ್ಯಾಸ ಮಾಡ್ಸಿರ್ತಾರೆ, ತಾನೇ ಪಂಜ ಚಾಚುತ್ತೆ. ರಕ್ತ ತಗೋತಾರೆ, ಮೀನು ಕೊಡ್ತಾರೆ." ಮೀನಿಗೆ ಬದಲು ಕಡಲೆಮಿಠಾಯಿ ಕೊಟ್ಟೆ. ತಕ್ಷಣ ಕರಡಿಯಾಗಲು ಒಂಬತ್ತು ಮಂದಿ ಸಾಲು ನಿಂತರು. ಒಬ್ಬನ ಕುತ್ತಿಗೆಗೆ ನನ್ನ ಗುರುತಿನ ಚೀಟಿಯ ದಾರ ಹಾಕಿ ನಡೆಸಿದೆ, ಈಜಿಸಿದೆ. ಮೃಗಾಲಯದ ಕರಡಿಗೂ ಹೀಗೆ ಕೊರಳಿಗೆ ಚಲನೆ ದಾಖಲಿಸುವ ಪಟ್ಟಿ ಕಟ್ಟಿ, ಅದು ಈಜುವಾಗ ಪಟ್ಟಿಯಲ್ಲಿ ಏನು ದಾಖಲಾಗುತ್ತದೆ, ಮಲಗಿದಾಗ ಏನು ಎಂದು ಹೋಲಿಸಿ ನೋಡುತ್ತಾರೆ. ಆಗ ಹಿಮದಲ್ಲಿ ಇಂಥದೇ ಪಟ್ಟಿ ಹೊತ್ತು ಕಣ್ಣಿಗೆ ಕಾಣದೆ ತಿರುಗುವ ಕರಡಿ ಊಟಕ್ಕಾಗಿ ಎಷ್ಟು ಅಲೆಯಿತು ಎನ್ನುವುದು ಪಟ್ಟಿಯಿಂದಲೇ ತಿಳಿಯುತ್ತದೆ. ಇದು ಎಲ್ಲರಿಗೂ ಅರ್ಥವಾಯಿತು. ಈಜುತ್ತಿದ್ದವನು ಮಾತ್ರ ನಿಲ್ಲಿಸಲಿಲ್ಲ.

"ಇಷ್ಟೆಲ್ಲ ತಿಳ್ಕೊಂಡ್ರೂ ಗಡ್ಡೆ ಕರಗೋದು ನಿಲ್ಲುತ್ತಾ ಮಿಸ್?" ಹುಡುಗಿ ಮಿಠಾಯಿ ಜಗಿಯುತ್ತಾ ಕೇಳಿದಳು.

"ಇಲ್ಲಮ್ಮ. ಅದು ಮೃಗಾಲಯದೋರ ಕೈಲಿಲ್ಲ. ಕರಡೀನ ಕಣ್ಣಾರೆ ನೋಡಿದ ಜನ ಮನೆಗೆ ಹೋಗಿ ಕಲ್ಲಿದ್ದಲು, ಪೆಟ್ರೋಲು ಕಮ್ಮಿ ಸುಡ್ಬೇಕು. ನಮ್ಮ ಕರೆಂಟಿಗೂ ಎಲ್ಲೋ ಕಲ್ಲಿದ್ದಲು ಉರೀತಿರುತ್ತೆ."

ಅವಳು ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಫ್ಯಾನ್ ಆರಿಸಿದಳು. ಮಕ್ಕಳೆಲ್ಲ ತಿರುಗಿ ಉಪನ್ಯಾಸಕರನ್ನು ನೋಡಿದರು. ಹಾಕಿಸುವ ಧೈರ್ಯ ಅವರಿಗೂ ಬರಲಿಲ್ಲ.

ಗಂಟೆ ಹೊಡೆದ ಮೇಲೆ ನನ್ನ ಪಾಠದ ಪುಸ್ತಕ ವಾಪಸು ತೆಗೆದುಕೊಳ್ಳಲು ಅವರ ಮುಂದೆ ನಿಂತೆ. ಫ್ಯಾನಿಲ್ಲದೆ ಅವರ ಗಲ್ಲದಿಂದ ಬೆವರು ಇಳಿಯುತ್ತಿತ್ತು.

"ಚಾಕಿ ಸೆಂಟರ್ ಅಂದಾಗ ನಾನು 'ಉತ್ತಮ ಸ್ಥಳೀಯ ಉದಾಹರಣೆ' ಅಂತ ಬರ್ದುಬಿಟ್ಟಿದ್ದೆ ಕಣಮ್ಮ" ಎಂದರು. "ನೀನು ತಪ್ಪು ಅಂದ್ಮೇಲೆ ಹೊಡೆದು ಹಾಕ್ಬೇಕಾಯ್ತು. ನಂಗೂ ಗೊತ್ತಿರ್ಲಿಲ್ಲ, ಯಾರಿಗೂ ಹೇಳ್ಬೇಡ."

ಅದರ ಕೆಳಗೆ ಇನ್ನೇನು ಬರೆದರೋ, ಬೆವರು ಬಿದ್ದು ಮಸಿ ಹರಡಿ ಇವತ್ತಿಗೂ ಓದಲು ಆಗುವುದಿಲ್ಲ. ಸಹಿ ಮಾತ್ರ ಸ್ಪಷ್ಟವಾಗಿದೆ. ಇಪ್ಪತ್ತಕ್ಕೆ ಇಪ್ಪತ್ತು.