ಹೆಸರು ಹಿಡಿದ ಚರಣ

ಕಳೆದ ವಾರ ಹೊಸಕೋಟೆಯ ಟೀ ಅಂಗಡಿಯೊಂದರಲ್ಲಿ ಸಾಂಬ್ರಾಣಿ ಹಾಕಿದ್ದರು. ಆ ಹೊಗೆಗೆ ನಮ್ಮ ಪಕ್ಕದ ಮನೆಯ ತಾತ ನೆನಪಾದರು...

ಸೂಲಿಬೆಲೆ ಕಡೆಯ ನಮ್ಮ ಊರಿನಲ್ಲಿ ಯಾರು ತೀರಿಕೊಂಡರೂ ಪದ ಹಾಡಲು ಅವರೇ ಹೋಗುತ್ತಿದ್ದರು. ಮೊದಲು ತಂಬೂರಿಗೆ ಸಾಂಬ್ರಾಣಿ ಹೊಗೆ ತೋರಿಸುತ್ತಿದ್ದರು. ಹೆಣ ಎತ್ತುವಾಗ ಹಾಡುವ ಪದವೊಂದಿತ್ತು. ಅದರ ಕೊನೆಯ ಚರಣದಲ್ಲಿ ಸತ್ತವರ ಹೆಸರು ಹಿಡಿದು, ತಿರುಗಿ ನೋಡದೆ ಹೋಗು ಎನ್ನಬೇಕು. ಒಬ್ಬರಿಗೆ ಒಂದೇ ಸಲ. ಬೇರೆ ಹೊತ್ತಿನಲ್ಲಿ ತಾತ ಅದನ್ನು ಗುನುಗುತ್ತಲೂ ಇರಲಿಲ್ಲ.

ನಾನಾಗ ಪತ್ರಿಕೆಯಲ್ಲಿದ್ದೆ. ಬೆಂಗಳೂರಿನ ಕಂಪನಿಯೊಂದು ತಾತನ ಪದಗಳ ಆಲ್ಬಂ ಮಾಡಲು ಕರೆದಾಗ ವರದಿಗೆಂದು ಜೊತೆಗೆ ಹೋದೆ. ಸ್ಟುಡಿಯೋದಲ್ಲಿ ತಾತ ಸಾಂಬ್ರಾಣಿ ಹಚ್ಚಿದ್ದು ಕಂಡು ರೆಕಾರ್ಡಿಂಗ್ ಮಾಡುವವನು, "ತಾತ, ನಮ್ ಮೈಕಿಗೂ ದೃಷ್ಟಿ ತೆಗೀತೀರಾ?" ಎಂದು ನಕ್ಕ. ಹೆಣ ಎತ್ತುವ ಪದವನ್ನು ತಾತ ಕೊನೆಯ ಚರಣದ ಮುಂಚೆಯೇ ನಿಲ್ಲಿಸಿದರು. ಪೂರ್ತಿ ಬೇಕು, ಯಾರದಾದರೂ ಹೆಸರು ಹಾಕಿ ಎಂದರು ಕಂಪನಿಯವರು. ತಾತ ತಂಬೂರಿಗೆ ಮತ್ತೊಮ್ಮೆ ಹೊಗೆ ತೋರಿಸಿದರು. ಆ ಪದದ ಕೇಡು ಬೇರೆಯವರಿಗೆ ತಗುಲಬಾರದೆಂದು ತಮ್ಮ ಹೆಸರನ್ನೇ ಹಿಡಿದು ಹಾಡಿಬಿಟ್ಟರು.

ಆಲ್ಬಂ ಮೊಬೈಲಿನ ಹಾಡಿನ ಆ್ಯಪ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಜನ ಹೆಚ್ಚು ಕೇಳಿದ್ದು ಆ ಪದವನ್ನೇ. ಸಿಟಿ ಬಸ್ಸಿನಲ್ಲಿ, ಆಟೋದಲ್ಲಿ, ಹಾಲಿನ ಡೈರಿಯ ಮುಂದೆ... ತಾತನ ದನಿಯೇ ತಾತನನ್ನು ಕಳಿಸಿಕೊಡುತ್ತಿತ್ತು.

"ಏನ್ ತಾತ, ಇನ್ನೂ ಹೋಗ್ಲಿಲ್ವಾ?" ಎಂದು ಡೈರಿಯ ಬಳಿ ಯಾರೋ ರೇಗಿಸಿದರು. ತಾತ ನಗಲಿಲ್ಲ. ಆ ದಿನಗಳಲ್ಲಿ ಅವರು ಮನೆಗೆ ಬಂದರೆ ಅವರದೇ ನಾಯಿ ಯಾರೂ ಬಂದೇ ಇಲ್ಲವೆಂಬಂತೆ ತಲೆ ಎತ್ತದೆ ಮಲಗಿರುತ್ತಿತ್ತು. ಇದು ಕೇಳಿದ ಮಾತಲ್ಲ, ನಾನೇ ನೋಡಿದ್ದು.

"ಆ ಚರಣ ತೆಗೆಸ್ಬಿಡಪ್ಪಾ. ದಿನಾ ನನ್ನ ಹೆಣ ಎತ್ತುತಾವ್ರೆ," ಎಂದು ಒಂದು ಬೆಳಿಗ್ಗೆ ತಾತ ನನ್ನನ್ನು ಕೇಳಿಕೊಂಡರು. ಕಂಪನಿಗೆ ಫೋನ್ ಮಾಡಿದೆ. "ಸಾರ್, ನಂಬರ್ ಒನ್ ಹಾಡಿಗೆ ಯಾರಾದ್ರೂ ಕತ್ತರಿ ಹಾಕ್ತಾರಾ?" ಎಂದರು.

ಮಳೆಗಾಲ ಮುಗಿಯುವ ಮುನ್ನ ತಾತ ತೀರಿಕೊಂಡರು. ವಯಸ್ಸಾಗಿತ್ತು, ವೈದ್ಯರು ಹೃದಯಾಘಾತ ಎಂದರು. ಹೆಣ ಎತ್ತುವಾಗ ಅವರ ಮೇಳದವರು ಪದ ಶುರು ಮಾಡಿ, ಕೊನೆಯ ಚರಣ ಬಂದಾಗ ನಿಲ್ಲಿಸಿದರು. ಆ ಹೆಸರು ಆಗಲೇ ಹಾಡಿಯಾಗಿತ್ತು. "ಹಾಡ್ರಪ್ಪಾ, ಅವ್ರು ಹೆಂಗೋಗ್ತಾರೆ?" ಎಂದು ತಾತನ ಹೆಂಡತಿ ಅತ್ತರು. ಮೇಳದವರು ಹೆಗಲು ಕೊಟ್ಟರೇ ಹೊರತು ಹಾಡಲಿಲ್ಲ. ಹಾಗೆಯೇ ಎತ್ತಿದರು...

ಟೀ ಅಂಗಡಿಯವನ ಮೊಬೈಲಿನಲ್ಲಿ ಆ ದಿನ ಅದೇ ಪದ ಬಂತು. ಹೆಸರಿಗೆ ಮುಂಚೆ ತಾತ ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತದೆ. ಊರಿನವರನ್ನೆಲ್ಲ ಕಳಿಸಿಕೊಟ್ಟವರನ್ನು ಕಳಿಸಲು ನಮ್ಮಲ್ಲಿ ಯಾರೂ ಇರಲಿಲ್ಲ. ಹೋಗು ಎಂದು ಅವರೊಬ್ಬರೇ ಇನ್ನೂ ಹೇಳಿಕೊಳ್ಳುತ್ತಿದ್ದಾರೆ.