ಕೌದಿ ಹೊದ್ದ ಲ್ಯಾಪ್‌ಟಾಪ್

ಕೌದಿಯ ಒಂದು ಮೂಲೆಯಲ್ಲಿ ಹುಣಸೆ ಬೀಜದಷ್ಟು ಕಪ್ಪು ರಬ್ಬರ್ ಅಂಟಿಕೊಂಡಿದೆ. ಬಿಸಿನೀರಿಗೂ ಬಿಟ್ಟಿಲ್ಲ, ಸೀಮೆಎಣ್ಣೆಗೂ ಬಿಟ್ಟಿಲ್ಲ. ಇವತ್ತು ಬಿಸಿಲಿಗೆ ಹಾಕಿದ್ದನ್ನು ಮಡಚುವಾಗ ಅದು ಉಗುರಿಗೆ ತಾಗಿತು. ಅವತ್ತಿನ ಸಂಜೆ ಮತ್ತೆ ನೆನಪಾಯಿತು.

ಸಪ್ತಾಪುರದಲ್ಲಿ ನಾನು ಬಾಡಿಗೆಗಿರುವ ಕೋಣೆ ಶಾಂತಕ್ಕನವರ ಮನೆಯ ಹಿಂಭಾಗದ್ದು. ಅವರ ಮನೆಯಲ್ಲಿ ಹೊದಿಕೆಯಿಲ್ಲದ ಯಂತ್ರವೇ ಇಲ್ಲ ನೋಡಿ. ಟಿವಿ, ಮಿಕ್ಸರ್, ಹೊಲಿಗೆ ಮಷೀನು, ಎಲ್ಲಕ್ಕೂ ಹಳೆಯ ಇಳಕಲ್ ಸೀರೆಗಳ ತುಂಡು ಕೂಡಿಸಿ ಅವರೇ ಹೊಲಿದ ಪುಟ್ಟ ಕೌದಿಗಳು. ಕೆಲಸ ಮುಗಿದ ಮೇಲೆ ಯಾವುದನ್ನೂ ಬರಿಮೈಯಲ್ಲಿ ಬಿಡಬಾರದೆಂಬುದು ಅವರ ನಿಯಮ. ನನ್ನ ಮೇಜನ್ನು ಯಾರೂ ಮುಟ್ಟಬಾರದೆಂಬುದು ನನ್ನದು. ಅದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೇ ಜನರಿಗೆ ತಿಳಿಯುತ್ತದೆಂದು ನಂಬಿ ಕೂರುವ ಸ್ವಭಾವ ನನ್ನದು.

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಒಂದು ಬೆಳಿಗ್ಗೆ, ಅಪ್‌ಡೇಟ್ ಆದ ಮೇಲೆ, ಅದು ಏಳಲೇ ಇಲ್ಲ. ಕಪ್ಪು ಪರದೆ, ಅರ್ಧಕ್ಕೆ ನಿಂತ ಒಂದು ಸಾಲು. ನನ್ನ ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ಅದರೊಳಗೆ ಮಾತ್ರ ಇತ್ತು. ಫೋನಿನಲ್ಲಿ ಹುಡುಕಿದಾಗ ಯಾರೋ ಪುಣ್ಯಾತ್ಮರ ಸಲಹೆ ಸಿಕ್ಕಿತು: ಶುರುವಾಗುವ ಮೊದಲು ಕಾಣುವ ಪಟ್ಟಿಯಲ್ಲಿ ‘ಎಸಿಪಿಐ ಆಫ್’ ಎಂದು ಸೇರಿಸಿ. ಲ್ಯಾಪ್‌ಟಾಪಿನ ವಿದ್ಯುತ್ತಿನ ನಿರ್ವಹಣೆಯನ್ನೆಲ್ಲ ನೋಡಿಕೊಳ್ಳುವ ಏರ್ಪಾಡು ಎಸಿಪಿಐ; ಅದನ್ನೇ ಆರಿಸುವ ಪದ ಇದು. ಸೇರಿಸಿದೆ. ಎದ್ದಿತು! ನನ್ನ ಜಾಣತನದ ಗೌರವಾರ್ಥ ನಾನೇ ಚಹಾ ಮಾಡಿಕೊಂಡು ಕುಡಿದೆ. ಅಧ್ಯಾಯದ ಪ್ರತಿ ಮಾಡಿಡಬೇಕೆಂಬ ಯೋಚನೆ ಚಹಾದ ಜೊತೆಗೇ ಇಳಿದುಹೋಯಿತು.

ಮಧ್ಯಾಹ್ನದವರೆಗೆ ಬರೆದು, ಚಾರ್ಜರ್ ಹಾಗೇ ಬಿಟ್ಟು, ಮುಚ್ಚಳ ಮುಚ್ಚಿ ಲೈಬ್ರರಿಗೆ ಹೊರಟೆ. ಶಾಂತಕ್ಕ ಅಂಗಳದಲ್ಲಿದ್ದರು.

“ಅದನ್ನ ಬಂದ್ ಮಾಡಿದ್ಯೋ ಇಲ್ಲೋ ತಂಗಿ?”

“ಮುಚ್ಚಿದ್ರ ಸಾಕ್ರಿ ಅಕ್ಕಾರ, ತಾನ ಮಲಗತೈತಿ.”

“ನಿನಗಿಂತ ಶಾಣ್ಯಾ ಐತಿ ಬಿಡು. ನೀ ಅಂತೂ ಎಷ್ಟ್ ಹೇಳಿದ್ರೂ ಮಲಗಂಗಿಲ್ಲ.”

ಸಂಜೆ ಬಂದು ನೋಡಿದರೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಕಾಣಲಿಲ್ಲ. ಬಾಣಂತಿಯ ಕೂಸಿನಂತೆ, ಅಡಿಯಿಂದ ಮೇಲಿನವರೆಗೆ ಕೌದಿಯಲ್ಲಿ ಸುತ್ತಿದ ಗಂಟೊಂದಿತ್ತು. ಕಾದ ಅರಿವೆಯ ವಾಸನೆ. ಕೈಯಿಟ್ಟವಳು ಸರಕ್ಕನೆ ಹಿಂದೆ ತೆಗೆದೆ. ಒಳಗಿನ ಫ್ಯಾನು ಒಂದೇ ಸಮನೆ ಅರಚುತ್ತಿತ್ತು. ಬಿಚ್ಚುವಾಗ ಅಡಿಯ ರಬ್ಬರ್ ಕಾಲೊಂದು ಕರಗಿ ಕೌದಿಗೆ ಅಂಟಿಕೊಂಡು ಬಂತು; ಅಷ್ಟರಲ್ಲಿ ಫ್ಯಾನು ಸುಮ್ಮನಾಯಿತು. ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಏನೂ ಇಲ್ಲ.

ಆಗ ಹೊಳೆಯಿತು. ಮುಚ್ಚಳ ಮುಚ್ಚಿದ್ದು ಲ್ಯಾಪ್‌ಟಾಪಿಗೆ ತಿಳಿಯುತ್ತಿದ್ದದ್ದೇ ನಾನು ಬೆಳಿಗ್ಗೆ ಆರಿಸಿದ್ದ ಏರ್ಪಾಡಿನ ಮೂಲಕ. ಅದು ಮಲಗಿರಲೇ ಇಲ್ಲ. ಕತ್ತಲಲ್ಲಿ, ಕೌದಿಯೊಳಗೆ, ಎಚ್ಚರವಾಗಿಯೇ ಬೇಯುತ್ತಿತ್ತು.

“ಧೂಳ ಕುಂಡ್ರತೈತಿ ಅಂತ ಹೊಚ್ಚಿದೆ,” ಬಾಗಿಲಲ್ಲಿ ಶಾಂತಕ್ಕ. “ಏನರ ಆತೇನ ಯವ್ವಾ?”

ನಾನು ಇನ್ನೊಮ್ಮೆ ಗುಂಡಿ ಒತ್ತಿದೆ. ಪರದೆ ಕಪ್ಪಾಗಿಯೇ ಇದ್ದದ್ದನ್ನು ಅವರೂ ನೋಡಿದರು. ಹತ್ತಿರ ಬಂದು ಮುಟ್ಟಿ ನೋಡಿ, “ಅಯ್ಯ ಶಿವನ, ಮೈ ಕೆಂಡ ಆಗೇತಿ,” ಎಂದು ಅಡುಗೆಮನೆಯಿಂದ ಮೊರ ತಂದರು. ಮೇಜಿನ ಪಕ್ಕ ನಿಂತು, ಜ್ವರ ಬಂದ ಮಗುವಿಗೆ ಹಾಕುವಂತೆ ಅದಕ್ಕೆ ಗಾಳಿ ಹಾಕತೊಡಗಿದರು. “ಹೊಳ್ಳಿ ಏಳತೈತಿಲ್ಲೋ? ನಿನ್ನ ಬರೆಯೋದೆಲ್ಲಾ ಇದರಾಗ ಐತೆಲ್ಲ…” ಮೇಜು ಮುಟ್ಟಬೇಡಿ ಎಂದು ಹೇಳಲು ಅಷ್ಟು ತಿಂಗಳಿಂದ ಕಾದಿಟ್ಟಿದ್ದ ಮಾತನ್ನು ಅವತ್ತೂ ಹೇಳಲಿಲ್ಲ. ಕೌದಿ ಮಡಚಿ ಅವರ ಪಕ್ಕದಲ್ಲಿಟ್ಟೆ.

ಅವರು ಕೌದಿ ತೆಗೆದುಕೊಂಡು ಹೋದ ಮೇಲೆ ಫೋನಿನಲ್ಲಿದ್ದ ಆ ಸಲಹೆಯನ್ನು ಪೂರ್ತಿ ಓದಿದೆ. ‘ಇದು ಪರೀಕ್ಷೆಗೆ ಮಾತ್ರ’ ಎಂದು ಕೆಳಗೆ ಬರೆದಿತ್ತು. ಎಲ್ಲವನ್ನೂ ಆರಿಸಬೇಕಿರಲಿಲ್ಲ; ಯಂತ್ರದ ಮಿದುಳಾದ ಪ್ರೊಸೆಸರ್ ಬಿಡುವಿದ್ದಾಗ ತೀರಾ ಆಳದ ನಿದ್ದೆಗೆ ಇಳಿಯದಂತೆ ತಡೆದರೂ ಸಾಕಾಗಬಹುದಿತ್ತು.

ಮರುದಿನ ಬೆಳಿಗ್ಗೆ ತಣ್ಣಗಿದ್ದ ಗುಂಡಿಯನ್ನು ಒತ್ತಿದೆ. ದೀಪ ಹತ್ತಿತು. ಅದೇ ಪಟ್ಟಿಯಲ್ಲಿ ನಿನ್ನೆಯ ಪದದ ಬದಲು ಆ ಆಳದ ನಿದ್ದೆಯನ್ನಷ್ಟೇ ತಡೆಯುವ ಪದ ಸೇರಿಸಿದೆ. ಎದ್ದಿತು. ಅಧ್ಯಾಯ ಕೊನೆಯ ವಾಕ್ಯದವರೆಗೂ ಇತ್ತು. ಮೊದಲು ಪೆನ್‌ಡ್ರೈವಿಗೆ ಇಳಿಸಿದೆ. ಮುಚ್ಚಳ ಮುಚ್ಚಿ, ಫ್ಯಾನು ನಿಲ್ಲುವವರೆಗೆ ಕಿವಿಗೊಟ್ಟು ಕೂತೆ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ, “ಅಕ್ಕಾರ, ಕೌದಿ ತರ್ರಿ,” ಎಂದೆ.

ಹಿಟ್ಟಿನ ಕೈ ಒರೆಸಿಕೊಂಡು ಬಂದರು. ಹತ್ತಿರ ಹೋಗಲು ಹೆದರಿಕೆ. “ಖರೇನ ಮಲಗೈತೇನ?”

ಅವರ ಕೈ ಹಿಡಿದು ಅದರ ಮೇಲಿಟ್ಟೆ.